ಎತ್ತರದ ಗಾಡಿಗೆ ಎಚ್ಚರದ ಕೈ

ಕಡೂರಿನಿಂದ ಚಿಕ್ಕಮಗಳೂರಿಗೆ ಹೊರಟರೆ ಹೆಚ್ಚುಕಡಿಮೆ ನಡುದಾರಿಯಲ್ಲಿ ಸಿಗುವ ಊರು ಸಖರಾಯಪಟ್ಟಣ. ವಾರದ ಕೊನೆಯಲ್ಲಿ ಈ ಊರು ದಾಟುವ ಗಾಡಿಗಳಲ್ಲಿ ಎತ್ತರದ ಮೈಯವೇ ಕಣ್ಣಿಗೆ ಬೀಳುತ್ತವೆ: ಥಾರ್, ಕ್ರೆಟಾ, ನೆಕ್ಸಾನ್, ಸ್ಕಾರ್ಪಿಯೊ, ಅಲ್ಲೊಂದು ಇಲ್ಲೊಂದು ಫಾರ್ಚೂನರ್. ಗಿರಿ ನೋಡಲು ಬಂದ ಬೆಂಗಳೂರಿನವರು ಒಂದು ಕಡೆ, ತೆಂಗು ಅಡಿಕೆಯ ದುಡ್ಡಿಗೆ ಸಾಲ ಕೂಡಿಸಿ ಹೊಸ ಬೊಲೆರೊ ತಂದ ಇಲ್ಲಿಯ ರೈತರು ಇನ್ನೊಂದು ಕಡೆ. ಷೋರೂಮಿನಲ್ಲಿ ಕೀಲಿ ಕೈಗೆ ಕೊಡುವಾಗ ಹಾರ ಹಾಕಿ ಫೋಟೊ ತೆಗೆಯುತ್ತಾರೆ. ಈ ಗಾಡಿ ಹಳೆಯ ಆಲ್ಟೊ, ಸ್ವಿಫ್ಟ್‌ಗಳಂತೆ ನಡೆದುಕೊಳ್ಳುವುದಿಲ್ಲ ಎಂಬುದನ್ನು ಮಾತ್ರ ಯಾರೂ ಕೂರಿಸಿ ಹೇಳುವುದಿಲ್ಲ.

ನಮ್ಮ ಸೀಮೆಯಲ್ಲಿ ಇದನ್ನು ತಿಳಿದುಕೊಳ್ಳಲೇಬೇಕು, ಯಾಕೆಂದರೆ ಇಲ್ಲಿ ನೆಲ ಬೇಗ ಬೇಗ ಬದಲಾಗುತ್ತದೆ. ಕಡೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದ ಬಯಲು. ಅಲ್ಲಿಂದ ಒಂದು ಬೆಳಗಿನ ದಾರಿಯಲ್ಲಿ ಮುಳ್ಳಯ್ಯನಗಿರಿ, 1,930 ಮೀಟರ್, ಕರ್ನಾಟಕದಲ್ಲೇ ಅತಿ ಎತ್ತರದ ಶಿಖರ. ಅಜ್ಜಂಪುರ, ಶಿವನಿ ಕಡೆಗೆ ತಿರುಗಿದರೆ ಈರುಳ್ಳಿ ಬೆಳೆಯುವ ಎರೆಭೂಮಿ. ತರೀಕೆರೆಯಿಂದ ಲಿಂಗದಹಳ್ಳಿ ಹಾದು ಮೇಲೇರಿದರೆ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿಯ ಕಡಿದಾದ ತಿರುವುಗಳು. ಒಂದು ಕಡೆ ಸರಿಯಾದ ಓಡಿಸುವ ಕ್ರಮ ಇನ್ನೊಂದು ಕಡೆ ಅಪಾಯವಾಗುತ್ತದೆ.

ಎತ್ತರದ ಲೆಕ್ಕ

ಎಸ್‌ಯುವಿಯಲ್ಲಿ ಕೂತಾಗ ದೂರದವರೆಗೆ ಕಾಣುತ್ತದೆ, ಗುಂಡಿಗೆ ತಳ ತಾಗುವುದಿಲ್ಲ. ಕ್ರೆಟಾದ ತಳಕ್ಕೂ ನೆಲಕ್ಕೂ ನಡುವೆ 190 ಮಿಲಿಮೀಟರ್ ಜಾಗವಿದೆ, ಜಿಮ್ನಿಗೆ 210, ಥಾರ್‌ಗೆ 226. ಹಳ್ಳಿ ದಾರಿಯಲ್ಲಿ ಇದು ದೊಡ್ಡ ಉಪಕಾರ. ಆದರೆ ಮೈ ಮೇಲೇರಿದಷ್ಟೂ ಗಾಡಿಯ ಭಾರದ ಕೇಂದ್ರವೂ ಮೇಲೇರುತ್ತದೆ. ಉರುಳುವ ಅಪಾಯ ಅಳೆಯಲು ಎಂಜಿನಿಯರುಗಳು ಬಳಸುವ ಸರಳ ಲೆಕ್ಕವೊಂದಿದೆ: ಎಡಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಭಾರದ ಕೇಂದ್ರದ ಎತ್ತರದಿಂದ ಭಾಗಿಸುವುದು. ಅಗಲ 1.5 ಮೀಟರ್, ಕೇಂದ್ರ 55 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಉತ್ತರ 1.36. ಅದೇ ಅಗಲಕ್ಕೆ ಕೇಂದ್ರ 70 ಸೆಂಟಿಮೀಟರಿಗೆ ಏರಿದರೆ 1.07. ಉತ್ತರ ಕಡಿಮೆಯಾದಷ್ಟೂ ಗಾಡಿ ಸುಲಭವಾಗಿ ಮಗುಚುತ್ತದೆ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2001ರಿಂದ ಈ ಲೆಕ್ಕದ ಆಧಾರದ ಮೇಲೆ ಗಾಡಿಗಳಿಗೆ ಉರುಳುವಿಕೆಯ ಅಂಕ ಕೊಡತೊಡಗಿತು. ಅದರ ಹಿಂದಿನ ವರ್ಷ ಫೋರ್ಡ್ ಎಕ್ಸ್‌ಪ್ಲೋರರ್ ಎಸ್‌ಯುವಿಗಳ ಟೈರುಗಳು ವೇಗದಲ್ಲಿ ಸಿಪ್ಪೆಯೆದ್ದು ಗಾಡಿಗಳು ಉರುಳಿದ ಸುದ್ದಿ ಆ ದೇಶವನ್ನೇ ಅಲುಗಿಸಿತ್ತು, ಫೈರ್‌ಸ್ಟೋನ್ ಕಂಪನಿ ಲಕ್ಷಗಟ್ಟಲೆ ಟೈರುಗಳನ್ನು ವಾಪಸು ಪಡೆಯಬೇಕಾಯಿತು.

ಚಾವಣಿಯ ಮೇಲೆ ಕ್ಯಾರಿಯರ್ ಹಾಕಿ ಸೂಟ್‌ಕೇಸು, ಗ್ಯಾಸ್ ಸಿಲಿಂಡರು, ಅಕ್ಕಿಮೂಟೆ ಕಟ್ಟಿದಾಗ ಭಾರದ ಕೇಂದ್ರ ಇನ್ನೂ ಮೇಲೆ ಹೋಗುತ್ತದೆ. ಭಾರದ್ದೆಲ್ಲ ಒಳಗೆ, ತಳದಲ್ಲಿ, ಹಿಂದಿನ ಸೀಟಿಗೆ ಒತ್ತಿಕೊಂಡಂತೆ ಇರಲಿ. ಮೇಲೆ ಹಗುರವಾದದ್ದು ಮಾತ್ರ. ಸನ್‌ರೂಫ್ ತೆಗೆದು ಮಕ್ಕಳನ್ನು ನಿಲ್ಲಿಸುವುದನ್ನು ಈ ರಸ್ತೆಯಲ್ಲಿ ಮತ್ತೆ ಮತ್ತೆ ನೋಡುತ್ತೇವೆ. ದಯವಿಟ್ಟು ಬೇಡ. ಒಂದು ದನ ಅಡ್ಡ ಬಂದು ಬ್ರೇಕ್ ಒತ್ತಿದರೆ ಆ ಮಗುವಿನ ಹೊಟ್ಟೆಗೂ ಕುತ್ತಿಗೆಗೂ ಆಗುವ ಪೆಟ್ಟನ್ನು ತಡೆಯಲು ಯಾವ ಏರ್‌ಬ್ಯಾಗೂ ಇಲ್ಲ.

ನೇರ ರಸ್ತೆಯಲ್ಲಿ ಎಸ್‌ಯುವಿ ತಾನಾಗಿ ಮಗುಚುವುದು ಅಪರೂಪ. ಅದು ಮಗುಚುವುದು ಚಕ್ರಕ್ಕೆ ಏನಾದರೂ ಅಡ್ಡ ಸಿಕ್ಕಾಗ. ನಮ್ಮ ಹಳ್ಳಿ ರಸ್ತೆಗಳಲ್ಲಿ ಆ ಅಡ್ಡ ಯಾವಾಗಲೂ ಇದೆ: ಡಾಂಬರಿನ ಅಂಚು. ಡಾಂಬರಿನ ಮೇಲೆ ಡಾಂಬರು ಹಾಕುತ್ತಾ ಹೋಗಿ ಪಕ್ಕದ ಮಣ್ಣು ಗೇಣುದ್ದ ಕೆಳಗೆ ಉಳಿದುಬಿಟ್ಟಿರುತ್ತದೆ. ಎದುರಿನ ಬಸ್ಸಿಗೆ ಜಾಗ ಬಿಡಲು ಎಡಚಕ್ರ ಕೆಳಗಿಳಿಯಿತು ಎನ್ನಿ. ಗಾಬರಿಯಾಗಿ ಸ್ಟೀರಿಂಗನ್ನು ಬಲಕ್ಕೆ ಜಗ್ಗಿದರೆ ಚಕ್ರ ಅಂಚಿಗೆ ಒತ್ತಿ, ಹತ್ತದೆ, ಆಮೇಲೆ ಒಮ್ಮೆಗೇ ಹತ್ತಿ, ಗಾಡಿ ಎದುರು ಪಥಕ್ಕೆ ನುಗ್ಗುತ್ತದೆ ಇಲ್ಲವೇ ಮಗುಚುತ್ತದೆ. ಮಾಡಬೇಕಾದದ್ದು ಇಷ್ಟು: ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಬ್ರೇಕನ್ನು ಜೋರಾಗಿ ಒತ್ತದೆ, ಗಾಡಿ ಮಣ್ಣಿನಲ್ಲೇ ನಿಧಾನವಾಗಲು ಬಿಡಿ. ನಡಿಗೆಯ ವೇಗಕ್ಕೆ ಬಂದ ಮೇಲೆ ಅಂಚು ತಗ್ಗಾದ ಕಡೆ ಮೆಲ್ಲನೆ ಹತ್ತಿಸಿ. ನಾಯಿ, ಕೋಳಿ ಅಡ್ಡ ಬಂದಾಗಲೂ ಹೀಗೇ. ನೇರವಾಗಿ ಬ್ರೇಕ್ ಹಾಕಿ, ಸ್ಟೀರಿಂಗ್ ಎಳೆಯಬೇಡಿ. ಜಾರುವಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಗಾಡಿಯನ್ನು ನೇರಗೊಳಿಸುವ ಇಎಸ್‌ಸಿ ನಿಮ್ಮ ಮಾದರಿಯಲ್ಲಿದ್ದರೆ ಅದರ ಗುಂಡಿಯನ್ನು ಡಾಂಬರಿನ ಮೇಲೆ ಎಂದೂ ಆರಿಸಬೇಡಿ. ಹೊಸದು ಕೊಳ್ಳುವವರು ಸನ್‌ರೂಫಿಗಿಂತ ಮೊದಲು ಇದನ್ನೇ ಕೇಳಿ. 2023ರ ಅಕ್ಟೋಬರ್ 1ರಿಂದ ನಮ್ಮದೇ ಭಾರತ್ ಎನ್‌ಸಿಎಪಿ ಅಪಘಾತ ಪರೀಕ್ಷೆ ಜಾರಿಯಲ್ಲಿದೆ. ಅದರ ನಕ್ಷತ್ರಗಳನ್ನು ನೋಡಿಯೇ ಮುಂಗಡ ಕೊಡಿ.

ಎತ್ತರದಲ್ಲಿ ಕೂತವರಿಗೆ ವೇಗ ಕಡಿಮೆ ಅನ್ನಿಸುತ್ತದೆ. ರಸ್ತೆ ಕಣ್ಣಿನಿಂದ ದೂರವಿರುವುದರಿಂದ 90ರಲ್ಲಿ ಹೋದರೂ 70ರಂತೆ ಭಾಸ. ಬೀರೂರು, ಕಡೂರು ಹಾಯುವ ಹೊನ್ನಾವರ ಹೆದ್ದಾರಿಯಲ್ಲಿ ಇದು ಮೋಸ ಮಾಡುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಗಾಡಿ 22 ಮೀಟರ್ ಮುಂದೆ ಹೋಗಿರುತ್ತದೆ. ಒಣ ಡಾಂಬರಿನಲ್ಲಿ ನಿಲ್ಲಲು ಇನ್ನೂ 36 ಮೀಟರ್ ಬೇಕು. ಮಳೆಯಲ್ಲಿ ಹಿಡಿತ ಕಮ್ಮಿಯಾದರೆ ಒಟ್ಟು 85 ಮೀಟರ್ ದಾಟುತ್ತದೆ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿ ಬೇಗ ನಿಲ್ಲುತ್ತದೆ ಎಂದು ಹಲವರು ನಂಬಿದ್ದಾರೆ. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇದೆ. ಫೋರ್ ವೀಲ್ ಡ್ರೈವ್ ಹೊರಡಲು ಸಹಾಯ ಮಾಡುತ್ತದೆ, ನಿಲ್ಲಲು ಮಾಡುವುದಿಲ್ಲ.

ನಾಲ್ಕು ಚಕ್ರದ ಮಾತು

ಎತ್ತರವಾಗಿರುವುದೆಲ್ಲ ಫೋರ್ ವೀಲ್ ಡ್ರೈವ್ ಅಲ್ಲ. ಕ್ರೆಟಾ, ನೆಕ್ಸಾನ್, ವೆನ್ಯೂಗಳಲ್ಲಿ ಮುಂದಿನ ಎರಡು ಚಕ್ರಕ್ಕೆ ಮಾತ್ರ ಎಂಜಿನ್ ಶಕ್ತಿ ಹೋಗುತ್ತದೆ. ಸಾಮಾನ್ಯ ಬೊಲೆರೊದಲ್ಲಿ ಹಿಂದಿನ ಎರಡಕ್ಕೆ. ಜಿಮ್ನಿಯಲ್ಲಿ, ಥಾರ್ ಮತ್ತು ಸ್ಕಾರ್ಪಿಯೊ-ಎನ್‌ನ ಕೆಲವು ಮಾದರಿಗಳಲ್ಲಿ ಲಿವರ್ ಅಥವಾ ಗುಂಡಿಯಿಂದ ನಾಲ್ಕೂ ಚಕ್ರವನ್ನು ಜೋಡಿಸಬಹುದು. ಗಾಡಿ ಯಾವ ಬಗೆಯದು ಎಂದು ಮಾಲೀಕರೇ ತಿಳಿಯದೆ ಗದ್ದೆಗಿಳಿಸಿ ಟ್ರ್ಯಾಕ್ಟರಿನಿಂದ ಎಳೆಸಿಕೊಳ್ಳುವುದು ಮಳೆಗಾಲದ ಮಾಮೂಲಿ ದೃಶ್ಯ. ಗಾಡಿಯ ಕೈಪಿಡಿಯಲ್ಲಿ ಈ ಒಂದು ಅಧ್ಯಾಯವನ್ನಾದರೂ ಓದಿ.

ಜೋಡಿಸುವ ಸೌಲಭ್ಯವಿದ್ದವರು ಇಷ್ಟು ನೆನಪಿಡಿ. ಒಣ ಡಾಂಬರಿನಲ್ಲಿ ಯಾವಾಗಲೂ 2ಎಚ್, ಅಂದರೆ ಎರಡೇ ಚಕ್ರಕ್ಕೆ ಶಕ್ತಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ನಾಲ್ಕೂ ಚಕ್ರ ಜೋಡಿಸುವ 4ಎಚ್ ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್‌ಗಳು ಒಂದೇ ವೇಗಕ್ಕೆ ಬಿಗಿದುಕೊಳ್ಳುವುದರಿಂದ, ಜಾರಲು ಜಾಗವಿಲ್ಲದ ಡಾಂಬರಿನಲ್ಲಿ ಆ ವ್ಯತ್ಯಾಸ ಗೇರುಗಳ ಮೇಲೆ ಒತ್ತಡವಾಗಿ ಕೂರುತ್ತದೆ. ಸ್ಟೀರಿಂಗ್ ಬಿಗಿಯಾಗಿ, ಗಾಡಿ ಕುಪ್ಪಳಿಸಿದಂತಾಗಿ, ಕೊನೆಗೆ ರಿಪೇರಿಯ ದೊಡ್ಡ ಬಿಲ್ಲು ಬರುತ್ತದೆ. ಒದ್ದೆ ಮಣ್ಣು, ಸಡಿಲ ಜಲ್ಲಿ, ತೋಟದ ಕೆಸರು ದಾರಿಗೆ 4ಎಚ್. ಗಾಡಿ ಏದುಸಿರು ಬಿಡುವಂಥ ಕಡಿದಾದ ಏರು, ಕಲ್ಲುಗುಡ್ಡ, ಸಿಕ್ಕಿಕೊಂಡ ಗಾಡಿ ಎಳೆಯುವ ಕೆಲಸಕ್ಕೆ ನಾಲ್ಕೂ ಚಕ್ರಕ್ಕೆ ತಗ್ಗಿನ ಗೇರು ಕೊಡುವ 4ಎಲ್, ಅದೂ ಗಾಡಿ ನಿಲ್ಲಿಸಿ ನ್ಯೂಟ್ರಲ್‌ಗೆ ತಂದು ಹಾಕಬೇಕು. ಕೆಸರಿಗೆ ಇಳಿದ ಮೇಲೆ ಹಾಕುವುದಲ್ಲ, ಇಳಿಯುವ ಮುನ್ನ ಹಾಕುವುದು.

ಹುರುಳಿ ಹಾಸಿದ ರಸ್ತೆ

ಹೊರಗಿನಿಂದ ಬರುವ ಚಾಲಕರಿಗೆ ಯಾವ ಕೈಪಿಡಿಯಲ್ಲೂ ಸಿಗದ ಪಾಠ ಇದು. ಡಿಸೆಂಬರ್, ಜನವರಿ, ಫೆಬ್ರುವರಿಯಲ್ಲಿ ಬಯಲುಸೀಮೆಯ ರಸ್ತೆಗಳ ಮೇಲೆ ರಾಗಿ ತೆನೆ, ಹುರುಳಿ ಬಳ್ಳಿ ಹರಡಿರುತ್ತದೆ. ಊರ ಕಣಗಳು ಮಾಯವಾಗಿವೆ, ಆಳು ಸಿಗುವುದಿಲ್ಲ, ಹೋಗುವ ಗಾಡಿಗಳ ಚಕ್ರವೇ ಒಕ್ಕಣೆ ಮಾಡಿಕೊಡುತ್ತದೆ. ರೈತನ ಕಷ್ಟ ನಿಜ. ಅಪಾಯವೂ ಅಷ್ಟೇ ನಿಜ, ಬೈಕಿನವರು ಇದರಲ್ಲಿ ಜಾರಿ ಬಿದ್ದಿದ್ದಾರೆ, ಕಾರುಗಳು ಇದರಿಂದ ಹೊತ್ತಿ ಉರಿದಿವೆ.

ರಾಗಿಗಿಂತ ಹುರುಳಿ ಹೆಚ್ಚು ಅಪಾಯದ್ದು. ಅದರ ಒಣಬಳ್ಳಿ ಉದ್ದ, ಗಟ್ಟಿ, ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ತಿರುಗುವ ಆಕ್ಸಲ್‌ಗೆ, ಪ್ರೊಪೆಲ್ಲರ್ ಶಾಫ್ಟಿಗೆ ಅದು ಹಗ್ಗದಂತೆ ಸುತ್ತಿಕೊಂಡು ಮೇಲೇರಿ ಸೈಲೆನ್ಸರಿಗೆ ತಾಗುತ್ತದೆ. ಎತ್ತರದ ಗಾಡಿಗೆ ಏನೂ ಆಗದು ಎಂಬ ಧೈರ್ಯ ಇಲ್ಲಿ ಕೈಕೊಡುತ್ತದೆ, ಯಾಕೆಂದರೆ ತಳ ಎತ್ತರವಿದ್ದರೂ ಸುತ್ತಿಕೊಳ್ಳುವ ಶಾಫ್ಟು ಚಕ್ರದ ಮಟ್ಟದಲ್ಲೇ ಇದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ತುಂಬಿದ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳುತ್ತದೆ, ಆಗ ಒಳಗಿನ ಬಿಸಿ 600 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ. ಒಣ ಹೊಟ್ಟು ಹೊತ್ತಿಕೊಳ್ಳಲು ಅದರ ಅರ್ಧ ಸಾಕು.

ಬಳಸುದಾರಿ ಇದ್ದರೆ ಬಳಸಿ ಹೋಗಿ. ಇಲ್ಲದಿದ್ದರೆ ನಿಲ್ಲಿಸಿ, ಕಣದವರನ್ನು ವಿನಯದಿಂದ ಕೇಳಿ. ಒಂದು ಚಕ್ರದಷ್ಟು ಜಾಗ ಸರಿಸಿಕೊಡಲು ಅವರು ಒಲ್ಲೆ ಎನ್ನುವುದು ಕಡಿಮೆ. ಅದರ ಮೇಲೇ ಹೋಗಬೇಕಾದರೆ ಎರಡನೇ ಗೇರಿನಲ್ಲಿ, ಬ್ರೇಕ್ ಒತ್ತದೆ, ಸ್ಟೀರಿಂಗ್ ತಿರುಗಿಸದೆ, ಚಕ್ರ ಜಾರಿ ಗಿರಗಿರ ಸುತ್ತದಂತೆ ಸಾಗಿ. ದಾಟಿದ ಮೇಲೆ ಒಣಹುಲ್ಲಿಲ್ಲದ ಜಾಗ ನೋಡಿ ನಿಲ್ಲಿಸಿ, ಎಂಜಿನ್ ಆರಿಸಿ, ಬಗ್ಗಿ ಟಾರ್ಚು ಬಿಟ್ಟು ತಳ ನೋಡಿ. ಸುತ್ತಿಕೊಂಡದ್ದನ್ನು ಸೈಲೆನ್ಸರು ತಣ್ಣಗಾದ ಮೇಲೆ ಕೋಲಿನಿಂದ ಬಿಡಿಸಿ. ಜ್ಯಾಕ್ ಹಾಕಿ ಕೆಳಗೆ ನುಸುಳುವುದು ಬೇಡ. ಓಡಿಸುತ್ತಿರುವಾಗಲೇ ಸುಟ್ಟ ವಾಸನೆ ಬಂದರೆ ಮುಂದಿನ ಊರವರೆಗೂ ಹೋಗೋಣ ಎಂದುಕೊಳ್ಳದೆ ತಕ್ಷಣ ನಿಲ್ಲಿಸಿ ಎಲ್ಲರನ್ನೂ ಇಳಿಸಿ ದೂರ ಕಳಿಸಿ. ಸೀಟಿನ ಕೆಳಗೆ ಒಂದು ಕಿಲೋದ ಒಣಪುಡಿ ಅಗ್ನಿಶಾಮಕ ಇಟ್ಟುಕೊಳ್ಳಿ. ಬೆಂಕಿ ಎದ್ದಾಗ ಬಾನೆಟ್ಟನ್ನು ಪೂರ್ತಿ ಎತ್ತಬೇಡಿ, ಗಾಳಿ ಸಿಕ್ಕರೆ ಜ್ವಾಲೆ ಭುಗಿಲೇಳುತ್ತದೆ.

ಇದೇ ಬಯಲಿನಲ್ಲಿ ಕುರಿಹಿಂಡುಗಳೂ ದನಗಳೂ ಸಿಗುತ್ತವೆ. ಅಮೃತಮಹಲ್ ಕಾವಲುಗಳ ಸೀಮೆ ಇದು, ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರವೇ ಇದೆ. ಹಿಂಡು ಕಂಡಾಗ ಹಾರ್ನ್ ಒತ್ತಿದರೆ ಅದು ಚದುರಿ ನಿಮ್ಮ ಚಕ್ರಕ್ಕೇ ಬರುತ್ತದೆ. ನಿಲ್ಲಿಸಿಬಿಡಿ, ಕುರಿಗಾಹಿ ದಾರಿ ಮಾಡಿಕೊಡುತ್ತಾನೆ. ರಾತ್ರಿಯಲ್ಲಿ ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು, ಹುಲ್ಲಿನ ಹೊರೆ ಹೊತ್ತ ಮೊಪೆಡ್ಡುಗಳು ಹತ್ತಿರ ಬರುವವರೆಗೂ ಕಾಣುವುದಿಲ್ಲ. ಅದಕ್ಕಾಗಿ ಹೈಬೀಮ್ ಹಾಕಿಕೊಂಡೇ ಹೋದರೆ ಎತ್ತರದಲ್ಲಿರುವ ನಿಮ್ಮ ದೀಪ ಎದುರಿನ ಬೈಕಿನವನ ಕಣ್ಣಿಗೇ ಹೊಡೆಯುತ್ತದೆ. ಅವನು ಆ ಕ್ಷಣ ಕುರುಡ. ಎದುರು ಬೆಳಕು ಕಂಡ ಕೂಡಲೇ ತಗ್ಗಿಸಿ. ಹಿಂದೆ ಭಾರ ತುಂಬಿದಾಗ ಮೂತಿ ಮೇಲೆದ್ದು ಲೋಬೀಮ್ ಕೂಡ ಕಣ್ಣು ಕುಕ್ಕುತ್ತದೆ. ಸ್ಟೀರಿಂಗ್ ಹತ್ತಿರ 0ಯಿಂದ 3ರವರೆಗೆ ಅಂಕಿ ಇರುವ ಸಣ್ಣ ಚಕ್ರವೊಂದಿರುತ್ತದೆ, ಭಾರಕ್ಕೆ ತಕ್ಕಂತೆ ಅದನ್ನು ತಿರುಗಿಸಿ ದೀಪ ಇಳಿಸಬಹುದು.

ಎರೆಮಣ್ಣು, ಏರಿ, ಹಳ್ಳ

ಎರೆಭೂಮಿಯ ದಾರಿ ಒಣಗಿದಾಗ ಕಲ್ಲಿನಷ್ಟು ಗಟ್ಟಿ. ಮಳೆ ಬಿದ್ದ ಮೇಲೆ ಅದೇ ಮಣ್ಣು ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಟೈರಿನ ಸಂದುಗಳೆಲ್ಲ ತುಂಬಿ ಚಕ್ರ ನುಣುಪಾಗುತ್ತದೆ, ಆಮೇಲೆ ನಾಲ್ಕೂ ಚಕ್ರ ತಿರುಗಿದರೂ ನಾಲ್ಕೂ ಜಾರುತ್ತವೆ. ಇದಕ್ಕೆ ಯಂತ್ರದ ಮದ್ದಿಲ್ಲ. ಬಿಸಿಲು ಬಿದ್ದು ಮೇಲ್ಪದರ ಆರುವವರೆಗೆ ಕಾಯುವುದೇ ದಾರಿ, ಊರವರು ಹಾಗೇ ಮಾಡುತ್ತಾರೆ. ಸಿಕ್ಕಿಕೊಂಡರೆ ಆಕ್ಸಿಲರೇಟರ್ ಒತ್ತಿ ಹೂತುಕೊಳ್ಳಬೇಡಿ, ಬಂದ ಜಾಡಿನಲ್ಲೇ ಹಿಂದಕ್ಕೆ ಪ್ರಯತ್ನಿಸಿ.

ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಗೆ ಮಳೆಗಾಲದಲ್ಲಿ ಜನ ಮುತ್ತುತ್ತಾರೆ. ರುಕ್ಮಾಂಗದರಾಯ ಕಟ್ಟಿಸಿದನೆಂದು ಪ್ರತೀತಿ ಇರುವ, 1156ರಲ್ಲಿ ಹೊಯ್ಸಳರ ಕಾಲದಲ್ಲಿ ಜೀರ್ಣೋದ್ಧಾರವಾಯಿತೆಂದು ಹೇಳುವ ಈ ಕೆರೆ ಬೆಟ್ಟಗಳ ಬುಡದಲ್ಲಿ ತುಂಬಿ ನಿಂತಾಗ ಬಲು ಚೆಲುವು. ಆದರೆ ಯಾವ ಕೆರೆಯ ಏರಿಯೂ ಭಾರದ ಗಾಡಿ ನಿಲ್ಲಿಸುವ ಜಾಗವಲ್ಲ. ನೆನೆದ ಏರಿಯ ಅಂಚು ಎರಡು ಟನ್ ಹೊತ್ತ ಚಕ್ರದ ಕೆಳಗೆ ಕುಸಿಯಬಹುದು. ಗಾಡಿಯನ್ನು ಕೆಳಗೇ ಬಿಟ್ಟು ನಡೆದು ಹೋಗಿ.

ಈ ಕೆರೆಯ ಕಡೆಯಿಂದ ಬರುವ ವೇದಾ ಹೊಳೆ ಅವತಿಯೊಂದಿಗೆ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತದೆ. ಜೋರು ಮಳೆಯ ದಿನ ಹಳ್ಳಗಳ ತಗ್ಗು ಸೇತುವೆಗಳ ಮೇಲೆ ನೀರು ಹರಿಯುತ್ತದೆ. ಥಾರ್‌ಗೆ 650 ಮಿಲಿಮೀಟರ್ ನೀರಿನಲ್ಲಿ ಹೋಗುವ ಸಾಮರ್ಥ್ಯವಿದೆ ಎನ್ನುವುದು ನಿಂತ ನೀರಿನ ಮಾತು. ಹರಿಯುವ ನೀರು 30 ಸೆಂಟಿಮೀಟರ್ ಇದ್ದರೂ ಸಣ್ಣ ಕಾರನ್ನು ತೇಲಿಸಬಲ್ಲದು, 60 ಸೆಂಟಿಮೀಟರ್ ಇದ್ದರೆ ಎಸ್‌ಯುವಿಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು. ರಸ್ತೆಯ ಅಂಚು ಕಾಣದಿದ್ದರೆ, ನೀರು ಓಡುತ್ತಿದ್ದರೆ, ಹಿಂತಿರುಗಿ. ನಿಂತ ನೀರಿನಲ್ಲಿ ಹೋಗುವಾಗ ಮೊದಲ ಗೇರು, ಒಂದೇ ಸಮ ವೇಗ. ನಡುವೆ ಎಂಜಿನ್ ಆರಿದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಒಳಗೆ ನೀರು ಎಳೆದುಕೊಂಡಿದ್ದರೆ ಕನೆಕ್ಟಿಂಗ್ ರಾಡು ಬಾಗಿ ಎಂಜಿನ್ನೇ ಹೋಗುತ್ತದೆ. ಆಚೆ ದಡ ಸೇರಿದ ಮೇಲೆ ಬ್ರೇಕನ್ನು ಹಗುರವಾಗಿ ಕೆಲವು ಸಲ ಒತ್ತಿ ಒಣಗಿಸಿ.

ಗಿರಿ ಹತ್ತಿ ಇಳಿಯುವಾಗ

ಗಿರಿಯ ರಸ್ತೆ ಕಿರಿದು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಹೋಗುವ ವಾಹನಗಳ ಸಂಖ್ಯೆಗೆ ಜಿಲ್ಲಾಡಳಿತ ಮಿತಿ ಹಾಕಿ ಮುಂಗಡ ನೋಂದಣಿ ತಂದಿದೆ, ಮನೆ ಬಿಡುವ ಮುನ್ನ ಅದನ್ನು ಮುಗಿಸಿಕೊಳ್ಳಿ. ಘಟ್ಟದಲ್ಲಿ ಎದುರು ಬದುರಾದರೆ ಹತ್ತುವ ಗಾಡಿಗೆ ಮೊದಲ ಹಕ್ಕು. ಇಳಿಯುವವರು ನಿಲ್ಲಬೇಕು, ಇದು ಕಾನೂನೂ ಹೌದು. ಎಸ್‌ಯುವಿಯ ಮುಂಗಾಜಿನ ಪಕ್ಕದ ಕಂಬ ದಪ್ಪ. ಬಲತಿರುವಿನಲ್ಲಿ ಅದರ ಹಿಂದೆ ಒಂದು ಬೈಕು ಪೂರ್ತಿ ಮರೆಯಾಗಬಹುದು, ಆದ್ದರಿಂದ ತಿರುವಿಗೆ ಮೊದಲು ಸ್ವಲ್ಪ ಮುಂದೆ ಬಾಗಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಕೆಮ್ಮಣ್ಣುಗುಂಡಿಯಿಂದ ಲಿಂಗದಹಳ್ಳಿಯವರೆಗೆ ಬ್ರೇಕಿನ ಮೇಲೆ ಕಾಲಿಟ್ಟೇ ಇಳಿದರೆ ಪ್ಯಾಡುಗಳು ಕಾದು, ಒತ್ತಿದರೂ ಹಿಡಿಯದಂತಾಗುತ್ತವೆ. ತುಂಬಿದ ಎಸ್‌ಯುವಿಯಲ್ಲಿ ತೂಕ ಹೆಚ್ಚು, ಬಿಸಿಯೂ ಹೆಚ್ಚು. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ ಎಂದು ಎಸ್ಟೇಟ್ ಜೀಪು ಓಡಿಸುವ ಹಿರಿಯರು ಹೇಳುವುದು ಇಂದಿಗೂ ಸರಿ. ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕ್ ತಿರುವಿಗೆ ಮಾತ್ರ. ಆಟೊಮ್ಯಾಟಿಕ್ ಗಾಡಿಯವರು ಡಿ ಬಿಟ್ಟು ಮ್ಯಾನುಯಲ್ ಅಥವಾ ಎಲ್‌ಗೆ ಬನ್ನಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವುದು ಪ್ರಾಣಕ್ಕೆ ಎರವು, ಅದರಿಂದ ಉಳಿತಾಯವೂ ಇಲ್ಲ. ಗೇರಿನಲ್ಲಿ ಇಳಿಯುವಾಗ ಈಗಿನ ಎಂಜಿನ್‌ಗಳು ಇಂಧನವನ್ನೇ ನಿಲ್ಲಿಸುತ್ತವೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ, ಕಾದ ಡಿಸ್ಕಿಗೆ ನೀರು ಸುರಿಯಬೇಡಿ.

ಮಂಜು ಕವಿದಾಗ ಲೋಬೀಮ್. ಹೈಬೀಮ್ ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ. ನಾಲ್ಕೂ ಇಂಡಿಕೇಟರು ಮಿನುಗಿಸುತ್ತಾ ಓಡಿಸಿದರೆ ನೀವು ಯಾವ ಕಡೆ ತಿರುಗುತ್ತೀರಿ ಎಂದು ಹಿಂದಿನವನಿಗೆ ತಿಳಿಯದು, ಅದು ನಿಂತ ಗಾಡಿಯ ಸೂಚನೆ.

ಹೊರಡುವ ಮುನ್ನ ನೋಡಬೇಕಾದವು ಹೆಚ್ಚಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2321 ಎಂದಿದ್ದರೆ 2021ರ 23ನೇ ವಾರ. ಆರು ವರ್ಷ ದಾಟಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ಗಾಳಿಯ ಒತ್ತಡ ಬಾಗಿಲ ಚೌಕಟ್ಟಿನ ಚೀಟಿಯಲ್ಲಿದೆ, ಪೂರ್ತಿ ಭಾರಕ್ಕೆ ಬೇರೆ ಅಂಕಿ ಇರುತ್ತದೆ. ಮುಂದೆ ಕಬ್ಬಿಣದ ಬುಲ್‌ಬಾರ್ ಇದ್ದರೆ ಬಿಚ್ಚಿಸಿ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಅದು ಕಾನೂನುಬಾಹಿರ ಎಂದು ರಾಜ್ಯಗಳಿಗೆ ತಿಳಿಸಿದೆ. ಅದು ಏರ್‌ಬ್ಯಾಗಿನ ಸಂವೇದಕಗಳನ್ನು ಕೆಡಿಸಬಹುದು, ಅಡ್ಡ ಬಂದ ಮನುಷ್ಯನ ಎಲುಬನ್ನು ಪುಡಿ ಮಾಡುತ್ತದೆ.

ಬೆಲ್ಟ್ ಎಲ್ಲರಿಗೂ, ಹಿಂದೆ ಕೂತ ಅಜ್ಜಿಗೂ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ತೀರಿಕೊಂಡಾಗ ಅವರು ಕೂತಿದ್ದದ್ದು ದುಬಾರಿ, ಭದ್ರವಾದ ಮರ್ಸಿಡಿಸ್ ಎಸ್‌ಯುವಿಯ ಹಿಂದಿನ ಸೀಟಿನಲ್ಲಿ, ಬೆಲ್ಟಿಲ್ಲದೆ. ಉರುಳುವ ಗಾಡಿಯಲ್ಲಿ ಬೆಲ್ಟಿಲ್ಲದವರು ಕಿಟಕಿಯಿಂದ ಹೊರಕ್ಕೆ ಎಸೆಯಲ್ಪಡುತ್ತಾರೆ, ಸಾವು ಹೆಚ್ಚಾಗುವುದು ಅಲ್ಲಿಯೇ. ಅಪಘಾತ ಕಂಡರೆ 108ಕ್ಕೆ ಕರೆ ಮಾಡಿ. ಗಾಯಾಳುವಿಗೆ ನೆರವಾದವರನ್ನು ಸಾಕ್ಷಿಯಾಗಲು ಒತ್ತಾಯಿಸುವಂತಿಲ್ಲ, ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅವರಿಗೆ ರಕ್ಷಣೆ ಕೊಟ್ಟಿದೆ.

ಇನ್ನು ಮನೆಯಂಗಳ. ಎತ್ತರದ ಬಾನೆಟ್ಟಿನ ಮುಂದೆ, ಹಿಂಬಾಗಿಲ ಕೆಳಗೆ ನಿಂತ ಪುಟ್ಟ ಮಗು ಚಾಲಕನಿಗೆ ಕಾಣುವುದೇ ಇಲ್ಲ. ನಿಂತ ಗಾಡಿಯಲ್ಲಿ ಕೂತು, ಮನೆಯ ಮಗುವನ್ನು ದೊಡ್ಡವರೊಬ್ಬರ ಕೈಹಿಡಿಸಿ ಸುತ್ತ ನಿಲ್ಲಿಸಿ, ಎಲ್ಲೆಲ್ಲಿ ಮರೆಯಾಗುತ್ತದೆ ಎಂದು ಒಮ್ಮೆ ನೋಡಿ. ಕ್ಯಾಮೆರಾಕ್ಕೆ ಕೆಸರು ಮೆತ್ತಿದ್ದರೆ ಒರೆಸಿ. ಹೊರಡುವ ಮೊದಲು ಗಾಡಿಗೆ ಒಂದು ಸುತ್ತು ಬನ್ನಿ, ಮಕ್ಕಳು ಯಾರ ಜೊತೆ ಎಲ್ಲಿದ್ದಾರೆಂದು ಕೇಳಿ ಖಚಿತ ಮಾಡಿಕೊಂಡ ಮೇಲೆಯೇ ರಿವರ್ಸ್ ಗೇರು ಹಾಕಿ.